ವೆರ್ದಿಯ ‘ಒಂದು ದಿನದ ದೊರೆತನ’: 1951ರ ಮುದ್ರಿಕೆ ಕೊಳ್ಳಬೇಕೇ, 1973ರದೇ?

ಹುಡುಗಿಯ ಅಪ್ಪ ಮದುವೆಯ ಕರಾರುಪತ್ರ ಹಿಡಿದು, ‘ಪ್ರಿಯ ಅಳಿಯನೇ’ ಎನ್ನುತ್ತ ಬೆಣ್ಣೆಯಂಥ ದನಿಯಲ್ಲಿ ಬರುತ್ತಾನೆ. ಅಳಿಯನಾಗಬೇಕಾದವನು ಎಳೆಯನೇನಲ್ಲ, ಹಣವಂತ ಮುದುಕ. ಇದಕ್ಕಿಂತ ದೊಡ್ಡ ಸಂಬಂಧದ ಆಸೆ ಅವನಿಗೆ ಸ್ವಲ್ಪ ಹೊತ್ತಿನ ಹಿಂದಷ್ಟೇ ಹುಟ್ಟಿದೆ. ಅವನು ತಡವರಿಸುತ್ತಾನೆ, ಮಾತು ತಿರುಗಿಸುತ್ತಾನೆ, ಕೊನೆಗೆ ಈ ಮದುವೆ ಬೇಡವೆಂದು ಉಸುರುತ್ತಾನೆ. ಅಪ್ಪ ಸಿಡಿದೇಳುತ್ತಾನೆ. ಆಮೇಲೆ ಇಬ್ಬರೂ ಉಸಿರಿಗೂ ಬಿಡುವಿಲ್ಲದಂತೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಪೇರಿಸುತ್ತ ಹಾಡುತ್ತಾರೆ.

ಇದು ವೆರ್ದಿಯ ಒಂದು ಒಪೆರಾದ, ಅಂದರೆ ಹಾಡಿಯೇ ಆಡುವ ನಾಟಕದ, ದೃಶ್ಯ. ಈ ಒಪೆರಾದ ಯಾವ ಧ್ವನಿಮುದ್ರಿಕೆ ಕೊಳ್ಳಲಿ ಎಂದು ಕೇಳಿದವರಿಗೆ ನಾನು ಮೊದಲು ಈ ಯುಗಳವನ್ನೇ ಕೇಳಿಸುತ್ತೇನೆ. ಇಟಾಲಿಯನ್ ಭಾಷೆಯ ಒಂದಕ್ಷರ ಬಾರದ ಕಿವಿಗೂ ಇಲ್ಲಿ ಯಾರು ಕೆರಳಿದ್ದಾರೆ, ಯಾರು ಜಾರಿಕೊಳ್ಳುತ್ತಿದ್ದಾರೆ ಎಂಬುದು ಗೊತ್ತಾಗಬೇಕು. ಗೊತ್ತಾದರೆ ಆ ಮುದ್ರಿಕೆ ಹಾಸ್ಯವನ್ನು ಹಿಡಿದಿದೆ ಎಂದರ್ಥ. ಎರಡು ಒಳ್ಳೆಯ ಕಂಠಗಳನ್ನು ಕೇಳಿದೆ ಎಂದಷ್ಟೇ ಅನ್ನಿಸಿದರೆ, ಅದನ್ನು ಕೊಳ್ಳಲು ಬೇರೆ ಕಾರಣ ಹುಡುಕಬೇಕು. ಅಂಥ ಕಾರಣಗಳೂ ಇವೆ, ಸಣ್ಣವಲ್ಲ. ಈ ಬರಹ ಆ ಎರಡು ಬಗೆಯ ಕಾರಣಗಳನ್ನು ತೂಗಿ ನೋಡಲಿಕ್ಕಾಗಿ.

ಕೃತಿಯ ಹೆಸರು ‘ಉನ್ ಜೋರ್ನೊ ದಿ ರೇನ್ಯೊ’, ಒಂದು ದಿನದ ದೊರೆತನ. ಇಟಲಿಯ ಸಂಗೀತಕಾರ ಜುಸೆಪ್ಪೆ ವೆರ್ದಿಯ ಎರಡನೆಯ ಒಪೆರಾ. ‘ರಿಗೊಲೆತ್ತೊ’, ‘ಲಾ ತ್ರಾವಿಯಾತಾ’, ‘ಐದಾ’ಗಳ ವೆರ್ದಿಯನ್ನು ಬಲ್ಲವರಲ್ಲಿಯೂ ಇದನ್ನು ಪೂರ್ತಿ ಕೇಳಿದವರು ಕಡಿಮೆ. ಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ಸ್ಟುಡಿಯೊ ಮುದ್ರಿಕೆಗಳಿವೆ. ಒಂದು, 1951ರಲ್ಲಿ ಇಟಲಿಯ ರೇಡಿಯೊ ಸಂಸ್ಥೆ ರಾಯ್‌ಯ ಮಿಲಾನ್ ವಾದ್ಯವೃಂದದೊಂದಿಗೆ ಅಲ್ಫ್ರೆದೊ ಸಿಮೊನೆತ್ತೊ ನಡೆಸಿಕೊಟ್ಟು, ಚೇತ್ರಾ ಕಂಪನಿ ಹೊರತಂದದ್ದು. ಇನ್ನೊಂದು, 1973ರಲ್ಲಿ ಲಂಡನ್ನಿನಲ್ಲಿ ಲಂಬೆರ್ತೊ ಗಾರ್ದೆಲ್ಲಿ ನಿರ್ದೇಶನದಲ್ಲಿ ಫಿಲಿಪ್ಸ್ ಕಂಪನಿ ಮಾಡಿದ್ದು. ಜೊತೆಗೆ 2010ರಲ್ಲಿ ಪಾರ್ಮಾದ ರೆಜೊ ರಂಗಮಂದಿರದ ಪ್ರದರ್ಶನದ ವಿಡಿಯೊ ಒಂದಿದೆ. ಅದರ ಮಾತು ಕೊನೆಗೆ.

ಈ ಹಾಸ್ಯದ ಹಿಂದಿನ ದುಃಖ

ಯಾವ ಸಿಡಿಯ ಪುಸ್ತಿಕೆ ತೆರೆದರೂ ಮೊದಲ ಪುಟದಲ್ಲೇ ಸಾವುಗಳ ಪಟ್ಟಿ ಎದುರಾಗುತ್ತದೆ. ಅದನ್ನು ತಿಳಿದಿರುವುದು ಒಳ್ಳೆಯದು. ಆದರೆ ಅದೊಂದೇ ತಲೆಯಲ್ಲಿದ್ದರೆ ಕಿವಿ ಕೆಡುತ್ತದೆ.

1839ರ ನವೆಂಬರ್ 17ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ವೆರ್ದಿಯ ಮೊದಲ ಒಪೆರಾ ‘ಒಬೆರ್ತೊ’ ಆಡಿತು, ತಕ್ಕಮಟ್ಟಿಗೆ ಗೆದ್ದಿತು. ರಂಗಮಂದಿರದ ವ್ಯವಸ್ಥಾಪಕ ಬಾರ್ತೊಲೊಮೆಯೊ ಮೆರೆಲ್ಲಿ ಇನ್ನೂ ಮೂರು ಒಪೆರಾಗಳಿಗೆ ಒಪ್ಪಂದ ಮಾಡಿಕೊಂಡ. ಅವನಿಗೆ ಒಂದು ಹಾಸ್ಯ ಒಪೆರಾ ತುರ್ತಾಗಿ ಬೇಕಿತ್ತು. ಒಪೆರಾಗಳಿಗೆ ಪಠ್ಯ ಬರೆಯುತ್ತಿದ್ದ ಫೆಲಿಚೆ ರೊಮಾನಿಯ ಹಳೆಯ ಪಠ್ಯಗಳ ಕಟ್ಟೊಂದನ್ನು ವೆರ್ದಿಯ ಮುಂದಿಟ್ಟ. ಯಾವುದೂ ಹಿಡಿಸಲಿಲ್ಲ, ಇದ್ದುದರಲ್ಲಿ ವಾಸಿ ಎನಿಸಿದ್ದನ್ನು ಆರಿಸಿಕೊಂಡೆ ಎಂದು ವೆರ್ದಿ ಮುಪ್ಪಿನಲ್ಲಿ ಹೇಳಿಕೊಂಡಿದ್ದಾರೆ. ಹಾಗೆ ಆರಿಸಿದ ಪಠ್ಯ 1818ರಲ್ಲಿ ಬೊಹೀಮಿಯಾದ ಸಂಗೀತಕಾರ ಅದಾಲ್ಬರ್ಟ್ ಗಿರೊವೆಟ್ಸ್‌ಗಾಗಿ ಬರೆದದ್ದು; ಆಗ ಅದರ ಹೆಸರು ‘ಇಲ್ ಫಿಂತೊ ಸ್ತನಿಸ್ಲಾವೊ’, ನಕಲಿ ಸ್ತನಿಸ್ಲಾವ್. ವೆರ್ದಿಯ ಕೈಗೆ ಬರುವ ಹೊತ್ತಿಗೆ ಅದಕ್ಕೆ ಇಪ್ಪತ್ತೆರಡು ವರ್ಷ ವಯಸ್ಸು.

ಮಗಳು ವರ್ಜೀನಿಯಾ 1838ರ ಆಗಸ್ಟ್‌ನಲ್ಲಿ, ಮಗ ಇಚಿಲಿಯೊ 1839ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು. ಈ ಹಾಸ್ಯ ಒಪೆರಾದ ಕೆಲಸ ನಡೆದಿರುವಾಗಲೇ, 1840ರ ಜೂನ್ 18ರಂದು, ಹೆಂಡತಿ ಮಾರ್ಗರಿತಾ ಮಿದುಳಿನ ಉರಿಯೂತದಿಂದ ತೀರಿಕೊಂಡಳು. ವೆರ್ದಿಗೆ ಆಗ ಇಪ್ಪತ್ತಾರು ವರ್ಷ. ಊರಾದ ಬುಸ್ಸೆತೊಗೆ ಮರಳಿದ ಅವರು ಒಪ್ಪಂದದಿಂದ ಬಿಡಿಸಿ ಎಂದು ಕೇಳಿದರು; ಮೆರೆಲ್ಲಿ ಬಿಡಲಿಲ್ಲ. ಸೆಪ್ಟೆಂಬರ್ 5ರ ರಾತ್ರಿ ಒಪೆರಾ ರಂಗಕ್ಕೆ ಬಂತು. ಜನ ಅಂದೇ ಕೂಗಿ ಕೆಡವಿದರು. ಎರಡನೆಯ ಆಟ ನಡೆಯಲೇ ಇಲ್ಲ. ಸುಮಾರು ಎರಡು ದಶಕಗಳ ನಂತರ ಬರೆದ ಪತ್ರವೊಂದರಲ್ಲೂ ಆ ನೋವು ಹಸಿಯಾಗಿದೆ: ಚಪ್ಪಾಳೆ ಬೇಡವಾಗಿತ್ತು, ಅವರು ಸುಮ್ಮನೆ ಕೇಳಿಸಿಕೊಂಡಿದ್ದರೂ ಸಾಕಿತ್ತು ಎಂಬುದು ಅದರ ಭಾವ.

ವೆರ್ದಿ ವಯಸ್ಸಾದ ಮೇಲೆ ಹೇಳಿದ ಕಥೆಯಲ್ಲಿ ಮೂರು ಸಾವುಗಳೂ ಕೆಲವೇ ವಾರಗಳಲ್ಲಿ ನಡೆದಂತೆ ಬರುತ್ತದೆ. ದಾಖಲೆಗಳ ಪ್ರಕಾರ ಅವು ಸುಮಾರು ಎರಡು ವರ್ಷಗಳಲ್ಲಿ ಹರಡಿವೆ. ಅದರಿಂದ ದುಃಖವೇನೂ ಕಡಿಮೆಯಾಗುವುದಿಲ್ಲ. ಆದರೆ ‘ಅಳುತ್ತ ಬರೆದ ಹಾಸ್ಯ, ಆದ್ದರಿಂದ ಸೋತ ಹಾಸ್ಯ’ ಎಂಬ ತೀರ್ಪನ್ನು ನಾನು ಒಪ್ಪುವುದಿಲ್ಲ. ಇದೇ ಸಂಗೀತ 1845ರಲ್ಲಿ ವೆನಿಸ್ಸಿನ ಸಾನ್ ಬೆನೆದೆತ್ತೊ ರಂಗಮಂದಿರದಲ್ಲಿ ಹಳೆಯ ಹೆಸರನ್ನೇ ಹೊತ್ತು ಮತ್ತೆ ಆಡಿದಾಗ ಜನ ಮೆಚ್ಚಿದರು. ಸ್ವರ ಅವವೇ, ಹಾಡಿದವರು ಬೇರೆ, ಕೇಳಿದವರು ಬೇರೆ. ಅಲ್ಲಿಗೆ ನಮ್ಮ ಪ್ರಶ್ನೆಯೂ ಸಿಕ್ಕಂತಾಯಿತು. ಈ ಒಪೆರಾದ ಹಣೆಬರಹ ಹಾಡುವವರ ಕೈಯಲ್ಲಿದೆ. ‘ರಿಗೊಲೆತ್ತೊ’ ಸಾಧಾರಣ ಗಾಯಕರನ್ನೂ ಹೊತ್ತುಕೊಂಡು ದಡ ಸೇರುತ್ತದೆ. ಇದನ್ನು ಗಾಯಕರೇ ಹೊತ್ತು ಸಾಗಿಸಬೇಕು.

ಕೇಳುವ ಮುನ್ನ ತಿಳಿದಿರಬೇಕಾದಷ್ಟು ಕಥೆ

1733. ಫ್ರಾನ್ಸಿನ ಬ್ರೆಸ್ತ್ ಊರಿನ ಬಳಿ ಬ್ಯಾರನ್ ಕೆಲ್ಬಾರ್‌ನ ಕೋಟೆಮನೆ. ಪೋಲೆಂಡಿನ ಅರಸ ಸ್ತನಿಸ್ಲಾವ್ ಗುಟ್ಟಾಗಿ ವಾರ್ಸಾ ತಲುಪಬೇಕು. ಅವನು ಇನ್ನೂ ಫ್ರಾನ್ಸಿನಲ್ಲೇ ಇದ್ದಾನೆಂದು ಲೋಕ ನಂಬಲಿ ಎಂದು ಬೆಲ್ಫಿಯೋರೆ ಎಂಬ ಫ್ರೆಂಚ್ ಅಧಿಕಾರಿ ಅರಸನ ವೇಷದಲ್ಲಿ ಇಲ್ಲಿಗೆ ಬಂದಿದ್ದಾನೆ. ಮನೆಯಲ್ಲಿ ಎರಡು ಮದುವೆಗಳ ಸಂಭ್ರಮ. ಬ್ಯಾರನ್‌ನ ಮಗಳು ಜೂಲಿಯೆತ್ತಾಳನ್ನು ಖಜಾನೆಯ ಅಧಿಕಾರಿಯಾದ ಮುದುಕ ಲಾ ರೊಕ್ಕಾಗೆ ಕೊಡುವುದೆಂದು ನಿಶ್ಚಯವಾಗಿದೆ. ಅವಳ ಮನಸ್ಸಿರುವುದು ಅದೇ ಮುದುಕನ ಅಣ್ಣನ ಮಗನೋ ತಂಗಿಯ ಮಗನೋ ಆದ ಬಡ ಹುಡುಗ ಎದೊವಾರ್ದೊನ ಮೇಲೆ. ಇನ್ನೊಂದು ಮದುವೆ ಬ್ಯಾರನ್‌ನ ಬಂಧುವಾದ ಎಳೆಯ ವಿಧವೆ, ಪೊಜ್ಜೊದ ಮಾರ್ಕೇಸಾಳದು. ಅವಳು ಪ್ರೀತಿಸಿದ್ದು ಬೆಲ್ಫಿಯೋರೆಯನ್ನು. ಅವನು ತಿರುಗಿ ನೋಡಲಿಲ್ಲವೆಂಬ ಸಿಟ್ಟಿಗೆ ಬೇರೊಬ್ಬನನ್ನು ಮದುವೆಯಾಗಲು ಒಪ್ಪಿದ್ದಾಳೆ.

ನಕಲಿ ಅರಸ ಒಂದು ದಿನದ ಅಧಿಕಾರವನ್ನು ಒಳ್ಳೆಯ ಕೆಲಸಕ್ಕೇ ಬಳಸುತ್ತಾನೆ. ಮುದುಕನಿಗೆ ಮಂತ್ರಿ ಪದವಿ, ಶ್ರೀಮಂತ ಹೆಣ್ಣು ಎಂದು ಆಸೆ ಹುಟ್ಟಿಸಿ ಹುಡುಗಿಯನ್ನು ಬಿಡಿಸುತ್ತಾನೆ. ಮಾರ್ಕೇಸಾ ಅವನ ಗುರುತು ಹಿಡಿಯುತ್ತಾಳೆ, ಆದರೆ ಅವನು ಒಪ್ಪಿಕೊಳ್ಳುವಂತಿಲ್ಲ. ವಾರ್ಸಾದಿಂದ ಪತ್ರ ಬಂದು, ನಿಜವಾದ ಅರಸ ಕ್ಷೇಮವಾಗಿ ತಲುಪಿದ ಮೇಲೆ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಕೊಳ್ಳುವವರಿಗೆ ಇಷ್ಟು ಸಾಕು.

ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ವಾದ್ಯವೃಂದ ಸುಮ್ಮನಾಗಿ, ಒಂಟಿ ಕೀಲಿಮಣೆ ವಾದ್ಯದ ಆಸರೆಯಲ್ಲಿ ಪಾತ್ರಗಳು ಹಾಡಿನಂಥ ಮಾತಿನಲ್ಲಿ ಸಂಭಾಷಿಸುವ ಒಣ ರೆಚಿತಾತಿವೊ ವೆರ್ದಿಯ ಒಪೆರಾಗಳಲ್ಲೆಲ್ಲ ಇಲ್ಲಿ ಮಾತ್ರ ಬರುತ್ತದೆ. ಅದು ವೆರ್ದಿಗಿಂತ ಹಿಂದಿನ ತಲೆಮಾರಿನ ಸಂಗೀತಕಾರ ರೊಸ್ಸೀನಿಯ ಕಾಲದ ಪದ್ಧತಿ. ಈ ಭಾಗಗಳಲ್ಲಿ ಕಂಠಕ್ಕೆ ಕೆಲಸ ಕಡಿಮೆ. ನಾಲಿಗೆಗೆ, ಹಲ್ಲಿಗೆ, ತುಟಿಗೆ ಕೆಲಸ ಹೆಚ್ಚು. ಯಕ್ಷಗಾನದಲ್ಲಿ ಹಾಸ್ಯಗಾರನ ಮಾತುಗಾರಿಕೆ ಸಪ್ಪೆಯಾದ ರಾತ್ರಿ ಭಾಗವತರು ಎಷ್ಟು ಚೆನ್ನಾಗಿ ಹಾಡಿದರೂ ಪ್ರಸಂಗ ಏಳುವುದಿಲ್ಲ ಎಂಬುದು ನೋಡಿದವರಿಗೆ ಗೊತ್ತು. ನನ್ನ ತೂಕದ ಕಲ್ಲು ಅದೇ.

1951: ಮಾತು ಬಲ್ಲವರ ಮುದ್ರಿಕೆ

ವೆರ್ದಿ ತೀರಿಕೊಂಡದ್ದು 1901ರ ಜನವರಿ 27ರಂದು. ಐವತ್ತನೆಯ ವರ್ಷದ ನೆನಪಿಗೆ ಇಟಲಿಯ ರೇಡಿಯೊ ಅವರ ಒಪೆರಾಗಳನ್ನು ಸಾಲಾಗಿ ಪ್ರಸಾರ ಮಾಡಿತು. ಎಲ್ಲರೂ ಬಲ್ಲ ಕೃತಿಗಳ ಜೊತೆಗೆ ರಂಗಮಂದಿರಗಳು ಮರೆತಿದ್ದ ಕೃತಿಗಳನ್ನೂ ಎತ್ತಿಕೊಂಡಿತು. ಎಳೆಯ ಗಾಯಕ ಕಾರ್ಲೊ ಬೆರ್ಗೊಂಜಿ ಅಂಥ ಕೃತಿಗಳಾದ ‘ಜೊವಾನ್ನಾ ದಾರ್ಕೊ’, ‘ಇ ದುಯೆ ಫೊಸ್ಕಾರಿ’ ಹಾಡಿದ್ದು ಆ ವರ್ಷವೇ. ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬಂದು ಆಗ ಮೂರೇ ವರ್ಷ. ನಾಲ್ಕು ನಾಲ್ಕು ನಿಮಿಷಕ್ಕೆ ತಟ್ಟೆ ತಿರುಗಿಸುವ ಕಾಟ ತಪ್ಪಿದ್ದರಿಂದ ಇಂಥ ಅಪರಿಚಿತ ಒಪೆರಾವನ್ನೂ ಹೊರತರುವ ಧೈರ್ಯ ಕಂಪನಿಗಳಿಗೆ ಬಂದಿತ್ತು.

ಪಾತ್ರವರ್ಗ ನೋಡಿ. ಬೆಲ್ಫಿಯೋರೆಯಾಗಿ ರೆನಾತೊ ಕಪೆಕ್ಕಿ, ಬ್ಯಾರನ್ ಆಗಿ ಸೆಸ್ತೊ ಬ್ರುಸ್ಕಾಂತೀನಿ. ಇಬ್ಬರೂ ಮೂವತ್ತರ ಆಸುಪಾಸಿನವರು. ಮುಂದೆ ದಶಕಗಳ ಕಾಲ ಇಟಾಲಿಯನ್ ಹಾಸ್ಯ ಒಪೆರಾಕ್ಕೆ ಕಂಬಗಳಂತೆ ನಿಂತವರು. ಲಾ ರೊಕ್ಕಾ ಪಾತ್ರದಲ್ಲಿ ಕ್ರಿಸ್ತಿಯಾನೊ ದಲಮಂಗಾಸ್. ಎದೊವಾರ್ದೊ ಆಗಿ ಸ್ಪೇನಿನ ಹ್ವಾನ್ ಒನ್ಸೀನಾ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದಲ್ಲಿ ವಾದ್ಯವೃಂದ ನಿರ್ದೇಶಕ ವಿತ್ತೊರಿಯೊ ಗೂಯಿಯ ಕೈಕೆಳಗೆ ರೊಸ್ಸೀನಿಯನ್ನು ಹಾಡಿ ಹೆಸರಾದ ಟೆನರ್, ಅಂದರೆ ಎತ್ತರದ ಗಂಡುಕಂಠದ ಗಾಯಕ. ಜೂಲಿಯೆತ್ತಾ ಲಾವ್ರಾ ಕೊತ್ಸಿ. ಮಾರ್ಕೇಸಾ ಲೀನಾ ಪಾಲ್ಯೂಗಿ.

ಆರಂಭದಲ್ಲಿ ಹೇಳಿದ ಯುಗಳವನ್ನು ಬ್ರುಸ್ಕಾಂತೀನಿ ಮತ್ತು ದಲಮಂಗಾಸ್ ಹಾಡುವುದನ್ನು ಕೇಳಬೇಕು. ಬ್ರುಸ್ಕಾಂತೀನಿ ಮೊದಲ ಸಾಲುಗಳಲ್ಲಿ ಅಳಿಯನನ್ನು ಓಲೈಸುವಾಗ ದನಿಯನ್ನು ಎಷ್ಟು ದುಂಡಗೆ ಮಾಡುತ್ತಾರೆಂದರೆ, ಮುಂದೆ ಬರುವ ಸಿಟ್ಟಿಗೆ ಅಲ್ಲೇ ಗುಂಡಿ ತೋಡಿದಂತಾಗುತ್ತದೆ. ಕೆರಳಿದಾಗ ಅವರು ಕೂಗುವುದಿಲ್ಲ. ವ್ಯಂಜನಗಳನ್ನು ಬಿಗಿ ಮಾಡುತ್ತಾರೆ. ಪದಗಳು ಹುರಿಗಡಲೆಯಂತೆ ಉದುರುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಎರಡನೆಯ ಅಂಕದಲ್ಲಿ ಇವರಿಬ್ಬರೂ ದ್ವಂದ್ವಯುದ್ಧಕ್ಕೆ ಆಯುಧ ಯಾವುದೆಂದು ವಾದಿಸುವ ಇನ್ನೊಂದು ಯುಗಳ ಬರುತ್ತದೆ. ಅಲ್ಲಿಯೂ ಇದೇ ಸೊಗಸು. ಹಿಂದಿನ ದಿನಗಳಲ್ಲಿ ಜೊತೆಯಾಗಿ ಊಟ ಮಾಡಿ, ಜೊತೆಯಾಗಿ ರಂಗವೇರಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿದಿರುವವರ ಹಾಡಿಕೆಯಂತೆ ನನಗೆ ಕೇಳುತ್ತದೆ.

ಕಪೆಕ್ಕಿಯ ಬೆಲ್ಫಿಯೋರೆ ಅರಸನಂತೆ ಗಂಭೀರವಾಗಿ ನುಡಿಯುವಾಗಲೂ ಒಳಗೊಂದು ನಗೆ ಇರುತ್ತದೆ. ಪ್ಯಾರಿಸ್ಸಿನ ಗೆಳೆಯರು ತನ್ನನ್ನು ಈಗ ನೋಡಬೇಕಿತ್ತು ಎಂದು ಅವನು ಮನಸ್ಸಿನಲ್ಲೇ ಹಿಗ್ಗುವ ಮೊದಲ ಏರಿಯಾದಲ್ಲಿ, ಅಂದರೆ ಒಬ್ಬರೇ ಹಾಡುವ ಹಾಡಿನಲ್ಲಿ, ಅದು ಸ್ಪಷ್ಟ. ಸಭೆಗೆ ಆಡುವ ಮಾತಿಗೂ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿಗೂ ದನಿಯ ಬಣ್ಣವೇ ಬೇರೆ. ವೇಷ ಕಣ್ಣಿಗೆ ಕಾಣದ ಧ್ವನಿಮುದ್ರಿಕೆಯಲ್ಲಿ ವೇಷ ತಿಳಿಯುವುದು ಹೀಗೆಯೇ.

ಪಾಲ್ಯೂಗಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. 1907ರಲ್ಲಿ ನ್ಯೂಯಾರ್ಕಿನಲ್ಲಿ ಇಟಾಲಿಯನ್ ತಂದೆತಾಯಿಗಳಿಗೆ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದವರು. ಹೆಸರಾಂತ ಸೊಪ್ರಾನೊ (ಎತ್ತರದ ಹೆಣ್ಣುಕಂಠದ ಗಾಯಕಿ) ಲೂಯಿಸಾ ತೆತ್ರಾತ್ಸೀನಿ ಅವರನ್ನು ಎಳವೆಯಲ್ಲೇ ಗುರುತಿಸಿದ್ದರು. ಇಪ್ಪತ್ತು ವರ್ಷದ ಹೊತ್ತಿಗೆ ಪೂರ್ಣ ‘ರಿಗೊಲೆತ್ತೊ’ ಮುದ್ರಿಕೆಯಲ್ಲಿ ನಾಯಕಿ ಜಿಲ್ದಾ ಆಗಿ ಹಾಡಿದ್ದರು. 1951ರ ಹೊತ್ತಿಗೆ ನಲವತ್ತು ದಾಟಿದೆ. ತುದಿಯ ಸ್ವರಗಳಲ್ಲಿ ಹಳೆಯ ಹೊಳಪು ಅಲ್ಲಲ್ಲಿ ಮಾಸಿದೆ. ಆದರೆ ಸ್ವರದ ಮೇಲೆ ಸ್ವರ ಜೋಡಿಸುವ ಕ್ರಮದಲ್ಲಿ ಅವಸರವಿಲ್ಲ, ಒರಟಿಲ್ಲ. ಮಾರ್ಕೇಸಾ ಪ್ರವೇಶಿಸುವ ಏರಿಯಾದಲ್ಲಿ ಅವಳು ಪ್ರಿಯಕರನ ಮೇಲೆ ಸಿಟ್ಟಾಗಿದ್ದಾಳೆ, ಜೊತೆಗೇ ಅವನು ಸಿಕ್ಕಾನೆಂಬ ಆಸೆಯೂ ಇದೆ. ಪಾಲ್ಯೂಗಿ ಎರಡನ್ನೂ ಒಂದೇ ಮೃದುವಾದ ಗೆರೆಯಲ್ಲಿ ತರುತ್ತಾರೆ. ಅಲಂಕಾರದ ಸ್ವರಗಳು ಸಾಧನೆಯ ಪ್ರದರ್ಶನವಾಗದೆ ಮಾತಿನ ಮುಂದುವರಿಕೆಯಾಗುತ್ತವೆ.

ಇನ್ನು ಕೊರತೆಗಳು. ಧ್ವನಿ ಮೊನೊ, ಸ್ಟೀರಿಯೊದಂತೆ ಎಡ ಬಲ ಬೇರೆಯಾಗದೆ ಒಂದೇ ಕಡೆಯಿಂದ ಬರುವಂಥದ್ದು. ವಾದ್ಯವೃಂದ ಹಿಂದೆ ಸರಿದು, ಗಾಯಕರು ಮೈಕಿನ ಮುಂದೆಯೇ ನಿಂತಂತೆ ಕೇಳುತ್ತದೆ. ಎಲ್ಲರೂ ಒಟ್ಟಿಗೆ ಹಾಡುವ ಅಂಕದ ಕೊನೆಗಳಲ್ಲಿ ದನಿಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಮೇಳದ ಹಾಡಿಕೆಯಲ್ಲಿ ಉತ್ಸಾಹವಿದ್ದಷ್ಟು ಅಚ್ಚುಕಟ್ಟು ಇಲ್ಲ. ಎಲ್ಲಕ್ಕಿಂತ ದೊಡ್ಡದು ಕತ್ತರಿ. ಆ ಕಾಲದ ರೂಢಿಯಂತೆ ಇಲ್ಲಿ ಸಂಗೀತವನ್ನು ಸಾಕಷ್ಟು ಕತ್ತರಿಸಿದ್ದಾರೆ.

ಆ ಕತ್ತರಿ ಎಷ್ಟು ನೋಯಿಸುತ್ತದೆ? ಮೊದಲ ಬಾರಿ ಕೇಳುವವರಿಗೆ ನೋಯಿಸುವುದೇ ಇಲ್ಲ. ಹಾಸ್ಯ ಇನ್ನಷ್ಟು ಚುರುಕಾಗಿ ಓಡುತ್ತದೆ. ಮೂರನೆಯ, ನಾಲ್ಕನೆಯ ಬಾರಿ ಕೇಳುವಾಗ ನೋಯಿಸುತ್ತದೆ. ಆ ಕಾಲದ ಏರಿಯಾದ ಎರಡನೆಯ, ವೇಗದ ಭಾಗವಾದ ಕಬಲೆತ್ತಾವನ್ನು ಎರಡು ಸಲ ಹಾಡುವುದು ವಾಡಿಕೆ. ಮೊದಲ ಸಲ ರಾಗದ ಪರಿಚಯ, ಎರಡನೆಯ ಸಲ ಗಾಯಕರ ಮನೋಧರ್ಮ. ಎರಡನೆಯದನ್ನು ಬಿಟ್ಟರೆ ಕಟ್ಟಡದ ಒಂದು ಬದಿ ಕುಸಿದಂತೆ. ಇಪ್ಪತ್ತಾರರ ವೆರ್ದಿ ರೂಪದ ಅಳತೆಯನ್ನು ಹೇಗೆ ಹಿಡಿದಿದ್ದರೆಂದು ತಿಳಿಯಬೇಕಾದವರಿಗೆ ಈ ಮುದ್ರಿಕೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.

1973: ಕಂಠಗಳ ಐಶ್ವರ್ಯ

ಫಿಲಿಪ್ಸ್ ಕಂಪನಿ ಎಪ್ಪತ್ತರ ದಶಕದಲ್ಲಿ ವೆರ್ದಿಯ ಆರಂಭದ ಒಪೆರಾಗಳನ್ನು ಒಂದೊಂದಾಗಿ ಗಾರ್ದೆಲ್ಲಿಯ ಕೈಗೆ ಒಪ್ಪಿಸಿತು. 1971ರ ‘ಇ ಲೊಂಬಾರ್ದಿ’ಯಿಂದ 1979ರ ‘ಸ್ತಿಫೆಲಿಯೊ’ವರೆಗೆ ನಡೆದ ಆ ಸರಣಿ ಇಲ್ಲದಿದ್ದರೆ, ನಮ್ಮ ತಲೆಮಾರಿನ ಕೇಳುಗರಿಗೆ ವೆರ್ದಿಯ ಎಳವೆ ಪುಸ್ತಕದ ಹೆಸರುಗಳಾಗಿಯೇ ಉಳಿಯುತ್ತಿತ್ತು. ಆ ಋಣ ನನ್ನ ಮೇಲಿದೆ. ನಾನು ಈ ಒಪೆರಾವನ್ನು ಮೊದಲು ಕೇಳಿದ್ದೂ ಇದರಲ್ಲೇ.

ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ, ಆಂಬ್ರೋಸಿಯನ್ ಗಾಯನಮೇಳ, ವಿಶಾಲವಾದ ಸ್ಟೀರಿಯೊ ಧ್ವನಿ. ಆರಂಭದ ಸಿನ್ಫೊನಿಯಾ, ಅಂದರೆ ಪರದೆ ಏಳುವ ಮುನ್ನ ಬರಿಯ ವಾದ್ಯಗಳು ನುಡಿಸುವ ಭಾಗ, ಕೇಳಿದ ಕೂಡಲೇ 1951ರಲ್ಲಿ ನಾವು ಎಷ್ಟನ್ನು ಕಳೆದುಕೊಂಡಿದ್ದೆವೆಂದು ತಿಳಿಯುತ್ತದೆ. ಒಳದನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅಂಕದ ಕೊನೆಯ ಗುಂಪುಹಾಡುಗಳಲ್ಲಿ ಯಾರು ಎಲ್ಲಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಸಂಗೀತ ಪೂರ್ಣವಾಗಿಯೇ ಇದೆ ಎನ್ನಬಹುದು. ಗಾರ್ದೆಲ್ಲಿ ಲಯವನ್ನು ಎಳೆಯುವುದಿಲ್ಲ, ಓಡಿಸುವುದೂ ಇಲ್ಲ.

ಇಲ್ಲಿನ ಹೊಸೆ ಕರೇರಸ್‌ಗೆ ವಯಸ್ಸು ಇಪ್ಪತ್ತಾರು, ಒಪೆರಾ ಬರೆದಾಗ ವೆರ್ದಿಗೆ ಇದ್ದಷ್ಟೇ. 1990ರಲ್ಲಿ ರೋಮಿನಲ್ಲಿ ಮೂವರು ಟೆನರ್‌ಗಳಲ್ಲಿ ಒಬ್ಬರಾಗಿ ಲೋಕಕ್ಕೆಲ್ಲ ಪರಿಚಯವಾಗುವುದಕ್ಕೆ ಹದಿನೇಳು ವರ್ಷ ಮೊದಲಿನ ಕಂಠ ಇದು. ಎರಡನೆಯ ಅಂಕದ ಆರಂಭದಲ್ಲಿ ಎದೊವಾರ್ದೊಗೆ ಒಂದು ಏರಿಯಾ ಇದೆ: ತನ್ನ ದೀರ್ಘ ಅಳಲಿಗೆ ಕೊನೆಗೂ ಕರುಣೆ ಸಿಕ್ಕಿತೆಂದು ಹುಡುಗ ಹಾಡುವುದು. ಅದನ್ನು ಕರೇರಸ್‌ಗಿಂತ ಚೆನ್ನಾಗಿ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಒನ್ಸೀನಾ ನಾಜೂಕಿನವರು, ಹಾಸ್ಯಕ್ಕೆ ಒಗ್ಗುವವರು. ಆದರೆ ಈ ಏರಿಯಾದಲ್ಲಿ ಹಾಸ್ಯವಿಲ್ಲ. ಇಲ್ಲಿ ಬೇಕಾದದ್ದು ಎಳೆಯ ಪ್ರಾಯದ ಬಿಸಿ. ಕರೇರಸ್ ಅದನ್ನು ಹಿಡಿದಿಟ್ಟುಕೊಳ್ಳದೆ ಕೊಡುತ್ತಾರೆ. ಮುಂದಿನ ವೆರ್ದಿಯ ನಾಯಕರೆಲ್ಲ ಈ ಹುಡುಗನ ಬೆನ್ನ ಹಿಂದೆ ಸಾಲುಗಟ್ಟಿ ನಿಂತಂತೆ ಕಾಣುತ್ತದೆ.

ಜೂಲಿಯೆತ್ತಾ ಆಗಿ ಜೆಸ್ಸಿ ನಾರ್ಮನ್. ಅವರಿಗೂ ಇನ್ನೂ ಮೂವತ್ತಾಗಿರಲಿಲ್ಲ. ಈ ಪಾತ್ರ ಸೊಪ್ರಾನೊಗಿಂತ ತುಸು ತಗ್ಗಿನ ಮೆಜೊ ಸೊಪ್ರಾನೊ ಕಂಠದ್ದು, ಮಾರ್ಕೇಸಾ ಸೊಪ್ರಾನೊ ಕಂಠದ್ದು. ಫಿಲಿಪ್ಸ್ ಇದನ್ನು ತಿರುಗುಮುರುಗು ಮಾಡಿತು: ಸೊಪ್ರಾನೊ ನಾರ್ಮನ್‌ಗೆ ಜೂಲಿಯೆತ್ತಾ, ಆ ಕಾಲದ ಇಟಲಿಯ ಮಹಾ ಮೆಜೊ ಫಿಯೊರೆಂಜಾ ಕೊಸ್ಸೊತ್ತೊಗೆ ಮಾರ್ಕೇಸಾ. ನಾರ್ಮನ್ ಕಂಠದ ಸಿರಿ ಬೆರಗು ಹುಟ್ಟಿಸುವಂಥದ್ದು. ಆದರೆ ಅಪ್ಪ ಹೇಳಿದಲ್ಲಿ ಮದುವೆಯಾಗಬೇಕೆಂದು ಮುಖ ಸಣ್ಣಗೆ ಮಾಡಿಕೊಂಡ ಹುಡುಗಿ ಅಲ್ಲಿ ಕಾಣುವುದಿಲ್ಲ. ಸಿಂಹಾಸನದ ಮೇಲೆ ಕುಳಿತ ಹೆಣ್ಣೊಬ್ಬಳು ಕಾಣುತ್ತಾಳೆ. ಆ ಏರಿಯಾವನ್ನು ಒಪೆರಾದಿಂದ ಬಿಡಿಸಿ ಕೇಳಿದರೆ ಸ್ವರ್ಗ. ಕಥೆಯೊಳಗಿಟ್ಟು ಕೇಳಿದರೆ ಪಾತ್ರಕ್ಕಿಂತ ಕಂಠ ದೊಡ್ಡದಾಯಿತೆನಿಸುತ್ತದೆ.

ಕೊಸ್ಸೊತ್ತೊ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ‘ಇಲ್ ತ್ರೊವಾತೊರೆ’ಯ ಅಜುಚೇನಾ, ‘ಐದಾ’ದ ಅಮ್ನೇರಿಸ್‌ರಂಥ ಉರಿಯುವ ಹೆಂಗಸರನ್ನು ಹಾಡಿ ಬೆಳೆದ ಕಂಠ. ಮಾರ್ಕೇಸಾಳ ಸಿಟ್ಟು ಅವರಿಗೆ ಸಲೀಸು, ತುಂಟತನ ಸಲೀಸಲ್ಲ. ವೇಗದ ಸ್ವರಮಾಲೆಗಳನ್ನು ಅವರು ತಪ್ಪಿಲ್ಲದೆ ದಾಟುತ್ತಾರೆ, ಆದರೆ ದಾಟಲು ಪಟ್ಟ ಶ್ರಮ ಕೇಳಿಸುತ್ತದೆ. ಪ್ರಿಯಕರ ಮರಳಿ ಬರದಿದ್ದರೆ ಈ ಹೆಂಗಸು ಮನೆಗೆ ಬೆಂಕಿಯಿಡಬಹುದು ಎಂಬ ಭಯ ಹುಟ್ಟುತ್ತದೆ. ಹಾಗಿದ್ದೂ ಆ ಉರಿ ಒಂದು ಬಗೆಯಲ್ಲಿ ವೆರ್ದಿಯದೇ. ಪಾಲ್ಯೂಗಿಯಲ್ಲಿ ನಮಗೆ ವೆರ್ದಿಗಿಂತ ಹಿಂದಿನ ಸಂಗೀತಕಾರ ದೊನಿಜೆತ್ತಿಯ ಮಗಳು ಸಿಕ್ಕರೆ, ಕೊಸ್ಸೊತ್ತೊರಲ್ಲಿ ‘ಇಲ್ ತ್ರೊವಾತೊರೆ’ಯ ಚಿಕ್ಕಮ್ಮ ಸಿಗುತ್ತಾಳೆ.

ಗಂಡಸರಲ್ಲಿ ಸ್ವೀಡನ್ನಿನ ಇಂಗ್ವಾರ್ ವಿಕ್ಸೆಲ್ ಬೆಲ್ಫಿಯೋರೆ. ಬುದ್ಧಿವಂತ ಗಾಯಕ, ಮಾತನ್ನು ಯೋಚಿಸಿ ಇಡುತ್ತಾರೆ. ಆದರೆ ಯೋಚಿಸಿದ್ದು ತಿಳಿಯುತ್ತದೆ. ಬ್ಯಾರನ್ ಆಗಿ ವೆನಿಸ್ಸಿನ ವ್ಲಾದಿಮಿರೊ ಗಾಂಜರೊಲ್ಲಿ, ಲಾ ರೊಕ್ಕಾ ಆಗಿ ಬಾರ್ಸಿಲೋನಾದ ವಿನ್ಸೆಂತೆ ಸಾರ್ದಿನೇರೊ. ಗಾಂಜರೊಲ್ಲಿಗೆ ಹಾಸ್ಯ ಗೊತ್ತು. ಸಾರ್ದಿನೇರೊ ಸೊಗಸಾದ ಕಂಠದ ಬ್ಯಾರಿಟೋನ್, ಅಂದರೆ ನಡುಮಟ್ಟದ ಗಂಡುಕಂಠದವರು. ಮುದುಕನ ಪಾತ್ರಕ್ಕೆ ಅತಿಯಾಗಿ ಸೊಗಸು. ನಮ್ಮ ಪರೀಕ್ಷೆಯ ಯುಗಳ ಇಲ್ಲಿ ಚೊಕ್ಕವಾಗಿ, ಲಯ ತಪ್ಪದೆ, ಹಿತವಾಗಿ ನಡೆದುಹೋಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಯಾರು ಮಾವ, ಯಾರು ಅಳಿಯ ಎಂದು ಒಂದೆರಡು ಕಡೆ ಗೊಂದಲವಾಗುತ್ತದೆ. ಜಗಳ ಜಗಳವಾಗದೆ ಒಳ್ಳೆಯ ಸಂಗೀತವಾಗಿಯೇ ಉಳಿಯುತ್ತದೆ.

ಪಾರ್ಮಾದ ವಿಡಿಯೊ

2013ರಲ್ಲಿ ವೆರ್ದಿ ಹುಟ್ಟಿ ಇನ್ನೂರು ವರ್ಷವಾದಾಗ ಅವರ ಎಲ್ಲ ಒಪೆರಾಗಳನ್ನೂ ವಿಡಿಯೊದಲ್ಲಿ ತಂದ ‘ತುತ್ತೊ ವೆರ್ದಿ’ ಸರಣಿಯಲ್ಲಿ ಇದು ಸೇರಿದೆ. ಸಂಗೀತ ನಿರ್ದೇಶನ ದೊನಾತೊ ರೆನ್ಜೆತ್ತಿ, ರಂಗ ನಿರ್ದೇಶನ ಪಿಯೆರ್ ಲುಯೀಜಿ ಪಿತ್ಸಿ. ಮಾರ್ಕೇಸಾ ಆಗಿ ಅನ್ನಾ ಕತೆರೀನಾ ಅಂತೊನಾಚ್ಚಿ, ಲಾ ರೊಕ್ಕಾ ಆಗಿ ಪಾವೊಲೊ ಬೊರ್ದೋನ್ಯಾ. ಕೇವಲ ಕಿವಿಯಿಂದ ಕೇಳಿದರೆ ಮೊದಲಿನ ಎರಡರ ಮಟ್ಟಕ್ಕೆ ಇದು ಏರುವುದಿಲ್ಲ. ಆದರೆ ನೋಡುವುದಕ್ಕೆ ಅಂತೊನಾಚ್ಚಿ ಒಬ್ಬರೇ ಸಾಕು: ಎದುರಿಗಿರುವವನು ತನ್ನವನೋ ಅರಸನೋ ಎಂಬ ಅನುಮಾನ ಅವರ ಕಣ್ಣಿನಲ್ಲೇ ಆಡುತ್ತದೆ. ಬೊರ್ದೋನ್ಯಾಗೂ ಹಾಸ್ಯ ಮೈಯಲ್ಲೇ ಇದೆ. ಒಪೆರಾ ಎಂದರೆ ದೂರ ಸರಿಯುವವರನ್ನು ಮನೆಯಲ್ಲಿ ಕೂರಿಸಿ ತೋರಿಸಬೇಕಾದರೆ, ಅಡಿಬರಹದೊಂದಿಗೆ ಇದನ್ನೇ ತೋರಿಸಿ.

ಯಾರು ಯಾವುದನ್ನು

ಒಂದನ್ನೇ ಕೊಳ್ಳುವುದಾದರೆ, ವೆರ್ದಿಯನ್ನು ಅಧ್ಯಯನ ಮಾಡುವವರು, ಹಳೆಯ ಧ್ವನಿಯ ಗರಗರ ಸಹಿಸದವರು, ಕರೇರಸ್ ಅಥವಾ ನಾರ್ಮನ್ ಎಂದರೆ ಪ್ರಾಣ ಬಿಡುವವರು 1973ರದನ್ನು ಕೊಳ್ಳಿ. ಪಶ್ಚಾತ್ತಾಪ ಪಡುವುದಿಲ್ಲ. ಒಪೆರಾ ಪೂರ್ಣವಾಗಿ ಸಿಗುತ್ತದೆ, ಧ್ವನಿ ಇಂದಿಗೂ ತಾಜಾ.

ನನ್ನ ಆಯ್ಕೆ 1951. ಪೂರ್ಣವಲ್ಲ, ಮೊನೊ, ಮೇಳ ಒರಟು. ಎಲ್ಲವೂ ಗೊತ್ತಿದ್ದೇ ಹೇಳುತ್ತಿದ್ದೇನೆ. 1973ರದನ್ನು ವರ್ಷಗಟ್ಟಲೆ ಕೇಳಿಯೂ ನಾನು ಈ ಒಪೆರಾವನ್ನು ವೆರ್ದಿಯ ಎಡವಿದ ಹೆಜ್ಜೆ ಎಂದೇ ತಿಳಿದಿದ್ದೆ. ಸಿಮೊನೆತ್ತೊ ಮುದ್ರಿಕೆಯ ಮೊದಲ ಅಂಕ ಮುಗಿಯುವುದರೊಳಗೆ ಆ ಅಭಿಪ್ರಾಯ ಬಿದ್ದುಹೋಯಿತು. ಇದೇ ಕೈ ಐವತ್ತಮೂರು ವರ್ಷಗಳ ನಂತರ, 1893ರಲ್ಲಿ, ಹಾಸ್ಯ ಒಪೆರಾ ‘ಫಾಲ್‌ಸ್ಟಾಫ್’ ಕೊಟ್ಟಿತೆಂಬುದು ಆಮೇಲೆ ನನಗೆ ಆಶ್ಚರ್ಯವೆನಿಸಲಿಲ್ಲ. ಈ ಹಾಸ್ಯ ನಗಿಸಬಲ್ಲದೆಂದು ತೋರಿಸಿಕೊಡುವ ಕೆಲಸವನ್ನು ಬೇರೆ ಯಾವ ಮುದ್ರಿಕೆಯೂ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಎರಡನ್ನೂ ಕೊಳ್ಳಬಲ್ಲವರು 1951ರದನ್ನು ಮೊದಲು ಕೇಳಿ, ಕತ್ತರಿಸಿದ್ದೇನೆಂದು ತಿಳಿಯಲು 1973ರದಕ್ಕೆ ಹೋಗಲಿ. ತಿರುಗಾಮುರುಗಾ ಮಾಡಿದರೆ ನನ್ನಂತೆ ವರ್ಷಗಳು ವ್ಯರ್ಥವಾಗುತ್ತವೆ.

ಕೊಳ್ಳುವಾಗ ಗಮನಿಸಬೇಕಾದದ್ದು ಇಷ್ಟು. ಫಿಲಿಪ್ಸ್ ಮುದ್ರಿಕೆ ಎರಡು ಸಿಡಿಗಳಲ್ಲಿ ಬಂದಿದೆ. ಆ ಕಂಪನಿಯ ಹಳೆಯ ಮುದ್ರಿಕೆಗಳು ಈಗ ಡೆಕ್ಕಾ ಹೆಸರಿನಡಿ ಮರುಮುದ್ರಣವಾಗುವುದರಿಂದ, ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ಚೇತ್ರಾ ಮುದ್ರಿಕೆಯ ಸಿಡಿಗಳನ್ನು ವಾರ್ನರ್ ಫೊನಿತ್ ಹೆಸರಿನಲ್ಲಿ ಹುಡುಕಬೇಕು. ಅಮೆರಿಕದಲ್ಲಿ ಮಾರಾಟವಾದ ಹಳೆಯ ಎಲ್‌ಪಿಗಳ ಮೇಲೆ ಚೇತ್ರಾ-ಸೋರಿಯಾ ಎಂದಿರುತ್ತದೆ.

ಹಳೆಯ ಎಲ್‌ಪಿಯನ್ನೇ ಬಯಸುವವರಿಗೆ ಮೂರು ಮಾತು. ಆ ಕಾಲದ ಮೊನೊ ತಟ್ಟೆಯ ಗೀರು ಈಗಿನ ಸ್ಟೀರಿಯೊ ತಟ್ಟೆಯದಕ್ಕಿಂತ ಅಗಲ. ಸುಮಾರು 25 ಮೈಕ್ರಾನ್ ತುದಿಯ ಮೊನೊ ಮುಳ್ಳು ಅದಕ್ಕೆ ಸರಿಯಾಗಿ ಕೂರುತ್ತದೆ; ಸ್ಟೀರಿಯೊಗಾಗಿ ಮಾಡಿದ 18 ಮೈಕ್ರಾನ್ ಮುಳ್ಳು ಗೀರಿನ ತಳಕ್ಕಿಳಿದು ಅಲ್ಲಿರುವ ಧೂಳನ್ನೆಲ್ಲ ಕೇಳಿಸುತ್ತದೆ. ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ; ತಟ್ಟೆಯ ಗರಗರ ತಕ್ಷಣ ಇಳಿಯುತ್ತದೆ. ಮುಳ್ಳು ಮೇಲೆ ಕೆಳಗೆ ಕುಣಿದು ಹುಟ್ಟುವ ಸದ್ದು ಆಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮೂರನೆಯದು, ಮಂದ್ರ ಮತ್ತು ತಾರ ಸ್ಥಾಯಿಗಳನ್ನು ತಟ್ಟೆಯಲ್ಲಿ ಕೊರೆಯುವ ಪ್ರಮಾಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಬಂದದ್ದು 1954ರ ಸುಮಾರಿಗೆ. ಅದಕ್ಕೂ ಮೊದಲಿನ ಅಚ್ಚು ಇಂದಿನ ಉಪಕರಣದಲ್ಲಿ ತುಸು ಚೂಪಾಗಿಯೋ ಮಂಕಾಗಿಯೋ ಕೇಳಿದರೆ ಪಾಲ್ಯೂಗಿಯನ್ನು ದೂರಬೇಡಿ. ಟ್ರೆಬಲ್ ಗುಂಡಿಯನ್ನು ಸ್ವಲ್ಪ ತಿರುಗಿಸಿ ನೋಡಿ.

ಹೊರದೇಶದ ಮಾರಾಟಗಾರನೊಬ್ಬನಿಂದ ನಾನು ತರಿಸಿದ ಪೆಟ್ಟಿಗೆಯಲ್ಲಿ ಹಾಡುಗಳ ಪುಸ್ತಿಕೆಯೇ ಇರಲಿಲ್ಲ. ಪುಸ್ತಿಕೆ ಇದೆಯೇ ಎಂದು ಬರೆದು ಕೇಳಿ, ಚಿತ್ರ ತರಿಸಿಕೊಂಡು ಹಣ ಕಳುಹಿಸಿ. ಆದರೆ ಅದು ಇಲ್ಲದ ತಟ್ಟೆಯೂ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ರೊಮಾನಿ ತೀರಿಕೊಂಡದ್ದು 1865ರಲ್ಲಿ. ಅವರ ಪಠ್ಯ ಈಗ ಯಾರ ಹಕ್ಕಿಗೂ ಸೇರಿಲ್ಲ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮುದ್ರಿಸಿಕೊಂಡು, ಮಾವ ಅಳಿಯನ ಯುಗಳದ ಪುಟಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ. ಬ್ರುಸ್ಕಾಂತೀನಿ ಉರುಳಿಸುವ ಒಂದೊಂದು ಪದವೂ ಆ ಹಾಳೆಯ ಮೇಲೆ ನಿಮ್ಮ ಬೆರಳಿಗೆ ಸಿಗುತ್ತದೆ.